ಲಾಲ್‌ಬಾಗ್ ನಡೆಸಿದ ಸಂಘ ಆರೇ ವರ್ಷಕ್ಕೆ ಮುಗೀತು: ಒಂದು ತೋಟದ ಜಮಾ-ಖರ್ಚು

ತೋಟ ಮಾಡಿಸಿದವರು ಯಾರು ಅಂತ ಇತಿಹಾಸ ಹೇಳ್ತದ. ಆದ್ರ ದಿನಾ ನೀರು ಹಾಕಿದವರ ಪಗಾರ ಎಲ್ಲಿಂದ ಬಂತು? ಇವತ್ತಿನ ಮಾತು ಅದೇ.

ಬೆಂಗಳೂರಿನ ಲಾಲ್‌ಬಾಗ್ ತಗೋರಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ, ಟಿಪ್ಪು ಬೆಳೆಸಿದ. ಆಗ ಖರ್ಚು ಅರಮನೆಯದು. 1799ರಲ್ಲಿ ಟಿಪ್ಪು ಸತ್ತ ಮೇಲೆ ತೋಟ ಕೈಯಿಂದ ಕೈಗೆ ಹೋಯ್ತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ, 1836ರಲ್ಲಿ, ಅದು ಕೃಷಿ ಮತ್ತು ತೋಟಗಾರಿಕೆ ಸಂಘಕ್ಕೆ ಬಂತು. ವಿಲಿಯಂ ಮನ್ರೋ ಅದರ ಕಾರ್ಯದರ್ಶಿ. ಆ ಕಾಲದ ಇಂಥ ಸಂಘಗಳು ನಡೀತಿದ್ದದ್ದು ಸದಸ್ಯರ ಚಂದಾ, ದಾನ, ಸರ್ಕಾರದ ನೆರವಿನ ಮೇಲೆ. 1842ರಲ್ಲಿ ಸಂಘವೇ ವಿಸರ್ಜನೆ ಆಯ್ತು. ತೋಟ ಮತ್ತೆ ಸರ್ಕಾರದ ಕೈಗೆ.

1856ರಲ್ಲಿ ಅದು ಅಧಿಕೃತವಾಗಿ ಸರ್ಕಾರಿ ಸಸ್ಯತೋಟ ಆಯ್ತು. ಇದನ್ನ ಲಾಭದ ಧಂದೆ ಮಾಡಬ್ಯಾಡ್ರಿ ಅನ್ನೋದು ಸಸ್ಯತಜ್ಞ ಹ್ಯೂ ಕ್ಲೆಗಾರ್ನ್ ಅವರ ಸಲಹೆ. 1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಮೇಲ್ವಿಚಾರಕರಾಗಿ ಬಂದರು.

ಮುಂದೆ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು. ಇದು ಇವತ್ತಿಗೂ ತೋಟಗಾರಿಕೆ ಇಲಾಖೆ ಜೊತೆ ಫಲಪುಷ್ಪ ಪ್ರದರ್ಶನ ನಡೆಸ್ತದ. ಫರಕು ಎಲ್ಲದ ನೋಡ್ರಿ: ಇಡೀ ತೋಟದ ದಿನದ ಖರ್ಚು ಇಲಾಖೆ ಮೇಲೆ, ಸಂಘದ ಕೆಲಸ ಪ್ರದರ್ಶನ, ಸ್ಪರ್ಧೆ, ಜನರ ಆಸಕ್ತಿ. ಹೊರೆ ಸಣ್ಣದು, ಆಯಸ್ಸು ದೊಡ್ಡದು.

ಬಿಕಾಂನಾಗ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರ್ತದ. ಗಿಡ ನೆಡೋದು ಬಂಡವಾಳ ಖರ್ಚು, ಒಮ್ಮೆ ಮಾಡಿದ್ರ ಮುಗೀತು. ನೀರು, ಬೇಲಿ, ಕಾವಲು ವರ್ಷಾ ವರ್ಷಾ ಬರೋ ಖರ್ಚು. ದಾನಿಗಳಿಗೆ ಮೊದಲನೇದು ಇಷ್ಟ, ಯಾಕಂದ್ರ ಅದರ ಮೇಲೆ ಹೆಸರಿನ ಫಲಕ ಹಾಕಬಹುದು. ಉದಾಹರಣೆಗೆ, ಒಂದು ಉದ್ಯಾನಕ್ಕೆ ವರ್ಷಕ್ಕೆ 6 ಲಕ್ಷ ಬೇಕು ಅನ್ರಿ. 6% ಬಡ್ಡಿಯಿಂದಲೇ ಅದನ್ನ ನಡೆಸಬೇಕಂದ್ರ ಟ್ರಸ್ಟ್ ಬಳಿ 1 ಕೋಟಿ ಮೂಲಧನ ಇರಬೇಕು. ಬೆಲೆ ಏರಿದ್ರ ಅದೂ ಸಾಲಲ್ಲ.

ನಮ್ಮ ಕಡೆ ಬರೋಣ. ಇದು ಸುಣ್ಣಕಲ್ಲಿನ ನೆಲ, ಗಣಿ ಮತ್ತು ಸಿಮೆಂಟಿನ ಸೀಮೆ. 2015ರ ತಿದ್ದುಪಡಿ ಪ್ರಕಾರ ಹಳೇ ಗಣಿ ಗುತ್ತಿಗೆದಾರರು ರಾಜಧನದ 30%ರಷ್ಟು, ಹರಾಜಿನಲ್ಲಿ ಪಡೆದವರು 10%ರಷ್ಟು ಹಣವನ್ನ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಕಾನೂನಿನಲ್ಲಿ ಅದು ಲಾಭವಿಲ್ಲದ ಟ್ರಸ್ಟ್. ಪರಿಸರ ಅದರ ಆದ್ಯತೆಗಳಲ್ಲಿ ಒಂದು. ಇನ್ನು ಕಂಪನಿಗಳ ಸಿಎಸ್‌ಆರ್ ಹಣ: ನಿಯಮದಂತೆ ಒಂದು ಯೋಜನೆ ಶುರುವಾದ ವರ್ಷ ಬಿಟ್ಟು ಗರಿಷ್ಠ 3 ವರ್ಷ. ಬೇವಿನ ಗಿಡಕ್ಕೆ ಆ ನಿಯಮ ಗೊತ್ತಿಲ್ಲ, ಅದಕ್ಕ ಐದನೇ ಬೇಸಿಗೆನೂ ಬರ್ತದ.

ಹಂಗಾಗಿ ಕಾಗಿಣಾ ದಂಡ್ಯಾಗಾಗಲಿ, ನಿಮ್ಮೂರ ಶಾಲಿ ಮುಂದಾಗಲಿ, ಯಾರಾದ್ರೂ ಸಸಿ ನೆಡಾಕ ಬಂದ್ರ ಖುಷಿಯಿಂದ ಗುದ್ದಲಿ ಹಿಡೀರಿ. ಜೊತೆಗೆ ಒಂದು ಮಾತು ಕೇಳ್ರಿ: ಐದನೇ ವರ್ಷದ ನೀರಿನ ರೊಕ್ಕ ಯಾವ ಖಾತೆಯಾಗ ಅದ? ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಆ ಗಿಡದ ನೆರಳಾಗ ನಿಮ್ಮ ಮಕ್ಕಳು ಕೂಡ್ತಾರ.