ರಿಲೇಯ ದುರಸ್ತಿ ಮತ್ತು ಇತಿಹಾಸದ ಆಧಾರ

ಶಾಸನ, ಕಡತ, ನಾಣ್ಯ, ಗ್ರಂಥ ಇವು ಇತಿಹಾಸದ ಆಧಾರಗಳೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಚರಿತ್ರೆಯನ್ನು ಬರೆಯಹೊರಟವರಿಗೆ ಇಷ್ಟೇ ಸಾಲದು. ಇಲ್ಲಿ ಯಂತ್ರವೂ ಒಂದು ದಾಖಲೆಯೇ. ಹಳೆಯ ವಿದ್ಯುನ್ಮಾನ ಪರೀಕ್ಷಾ ಉಪಕರಣಗಳಲ್ಲಿರುವ ರಿಲೇ ಎಂಬ ಸಣ್ಣ ಭಾಗವನ್ನು ನಿದರ್ಶನವಾಗಿ ತೆಗೆದುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪಿತವಾಯಿತು. ವಿದ್ಯುತ್ ತಂತ್ರಶಾಸ್ತ್ರವು ಅದರ ಮೊದಲ ವಿಭಾಗಗಳಲ್ಲೊಂದು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ನೆಲೆಗೊಂಡವು. ಮೊದಲನೆಯದು ಸ್ಟ್ರೌಜರ್ ಪದ್ಧತಿಯ ದೂರವಾಣಿ ಸಲಕರಣೆಯನ್ನು ತಯಾರಿಸಿತು. ಆ ಪದ್ಧತಿಗೆ ರಿಲೇಯೇ ಜೀವಾಳ. ಹೀಗೆ ರಿಲೇಯ ಪಟ್ಟಿಗಳನ್ನು ಕೈಯಿಂದಲೇ ಹದಗೊಳಿಸುವ ಕೌಶಲವು ಈ ನಗರದ ವೃತ್ತಿವಿದ್ಯೆಗಳಲ್ಲೊಂದಾಯಿತು.

ರಿಲೇಯ ಕಾರ್ಯವಿಧಾನ ಸರಳವಾದುದು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಕಬ್ಬಿಣದ ತಿರುಳು ಅಯಸ್ಕಾಂತವಾಗಿ ಎದುರಿನ ಕಬ್ಬಿಣದ ತುಂಡನ್ನು ಸೆಳೆಯುತ್ತದೆ. ಆಗ ಪಟ್ಟಿಗಳ ತುದಿಯ ಸಂಪರ್ಕಬಿಂದುಗಳು ಕೂಡುತ್ತವೆ ಇಲ್ಲವೆ ಬೇರ್ಪಡುತ್ತವೆ. ಬಿಂದುಗಳು ಬೆಳ್ಳಿಯವಾಗಿದ್ದರೆ ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳಿಂದ ಅವುಗಳ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಪ್ರಬಲವಾದ ವಿದ್ಯುತ್ತು ಈ ಪೊರೆಯನ್ನು ಭೇದಿಸಬಲ್ಲದು. ಅಳತೆಯ ಉಪಕರಣದಲ್ಲಿ ಹರಿಯುವ ಕ್ಷೀಣ ಸಂಕೇತಕ್ಕೆ ಆ ಶಕ್ತಿಯಿಲ್ಲ. ಆದಕಾರಣ ರಿಲೇ ಟಕ್ಕೆಂದು ಸದ್ದುಮಾಡಿದರೂ ಮುಳ್ಳು ತಪ್ಪು ಅಳತೆಯನ್ನು ತೋರಿಸಬಹುದು.

ಇಂತಹ ಸಂದರ್ಭದಲ್ಲಿ ಉಪ್ಪುಕಾಗದದಿಂದ ಉಜ್ಜುವುದು ಸಾಮಾನ್ಯವಾದ ತಪ್ಪು. ಇದರಿಂದ ಲೋಹ ಸವೆದು, ಬಿಂದುವಿನ ಮೂಲ ಆಕಾರವೇ ನಾಶವಾಗುತ್ತದೆ. ಶುದ್ಧ ಸ್ಪಿರಿಟ್ಟಿನಲ್ಲಿ ತೇವಗೊಳಿಸಿದ ಕಾಗದದ ತುಣುಕನ್ನು ಬಿಂದುಗಳ ನಡುವೆ ಮೆಲ್ಲನೆ ಎಳೆಯುವುದು ಮೊದಲು ಮಾಡಬೇಕಾದ ಕೆಲಸ. ಸುರುಳಿಯ ರೋಧವನ್ನು ಅಳೆಯುವಾಗ ಉಷ್ಣತೆಯನ್ನೂ ಗುರುತಿಸಬೇಕು. ತಾಮ್ರದ ರೋಧವು ಪ್ರತಿ ಸೆಂಟಿಗ್ರೇಡ್ ಡಿಗ್ರಿಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ.

ಕೆಟ್ಟ ರಿಲೇಯನ್ನು ತೆಗೆದೆಸೆದು ಹೊಸದನ್ನು ಹಾಕಿದರೆ ತೊಂದರೆಯೇನು ಎಂದು ಕೇಳಬಹುದು. ಪ್ರಯೋಗಶಾಲೆಯಲ್ಲಿ ನಿತ್ಯ ಬಳಸುವ ಉಪಕರಣಕ್ಕೆ ನಿಖರತೆಯೇ ಮುಖ್ಯವಾದ್ದರಿಂದ ಅಲ್ಲಿ ಈ ವಾದ ಸಮಂಜಸವೇ ಸರಿ. ಆದರೆ ಚರಿತ್ರೆಗಾಗಿ ಉಳಿಸಿದ ಉಪಕರಣಕ್ಕೆ ಅದು ಸಲ್ಲದು. ಪಟ್ಟಿಯ ಬಾಗು, ಬೆಸುಗೆಯ ಗುರುತು, ಹಿಂದಿನ ದುರಸ್ತಿಯ ಕುರುಹು ಇವೆಲ್ಲ ಅದನ್ನು ಕಟ್ಟಿದ, ತಿದ್ದಿದ ಕೆಲಸಗಾರರ ಕೈಬರಹವಿದ್ದಂತೆ. ಕಾರ್ಖಾನೆಯ ವರದಿಗಳು ಉತ್ಪಾದನೆಯ ಲೆಕ್ಕವನ್ನು ಕೊಡಬಲ್ಲವು. ಆ ಕೈಗಳ ಪರಿಚಯವನ್ನು ಅವು ಕೊಡಲಾರವು. ಬದಲಾಯಿಸುವುದು ಅನಿವಾರ್ಯವಾದರೆ ಹಳೆಯ ರಿಲೇಯನ್ನು ದಿನಾಂಕ ಮತ್ತು ಕಾರಣಗಳನ್ನು ಬರೆದ ಚೀಟಿಯೊಡನೆ ಉಪಕರಣದ ಜೊತೆಯಲ್ಲಿಯೇ ಇರಿಸತಕ್ಕದ್ದು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳು ಹಳೆಯ ಸಾಮಾನನ್ನು ಗುಜರಿಗೆ ಹಾಕುವ ಮುನ್ನ ಇತಿಹಾಸ ವಿಭಾಗದವರನ್ನು ಒಮ್ಮೆ ಕರೆದು ತೋರಿಸಲಿ. ಕರೆ ಬಂದಾಗ ಹೋಗಿ, ಅದನ್ನು ಓದಬಲ್ಲವರಾಗಿರುವುದು ನಮ್ಮ ಹೊಣೆ.