ಗುಡೂರು ಭಾಗದಿಂದ ಮಂಗಳೂರಿಗೆ ತೆರಳುವ ಕಟ್ಟಡ ಕಾರ್ಮಿಕರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯ ಗುಡೂರು, ಇಳಕಲ್, ಹುನಗುಂದ ಹಾಗೂ ಬಾದಾಮಿ ಭಾಗದ ಮಳೆಯಾಶ್ರಿತ ಗ್ರಾಮಗಳಿಂದ ಹಿಂಗಾರಿ ಜೋಳದ ರಾಶಿ ಮುಗಿದ ಬಳಿಕ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಮಂಗಳೂರಿಗೆ ತೆರಳುವುದು ವಾಡಿಕೆ. ಊರಿನಲ್ಲಿಯೇ ಪೂರೈಸಬಹುದಾದ ದಾಖಲೆ ಕೆಲಸವನ್ನು ಬಾಕಿ ಉಳಿಸಿ ಹೋದಲ್ಲಿ, ಅದಕ್ಕಾಗಿ ಮರಳಿ ಬರುವಾಗ ಹಲವು ದಿನಗಳ ಕೂಲಿ ನಷ್ಟವಾಗುತ್ತದೆ.

ಪ್ರಯಾಣ

ಬಾಗಲಕೋಟೆ ಅಥವಾ ಬಾದಾಮಿ ನಿಲ್ದಾಣದಿಂದ ಹುಬ್ಬಳ್ಳಿ, ಹಾಸನ ಮಾರ್ಗವಾಗಿ ರೈಲಿನಲ್ಲಿ ಮಂಗಳೂರು ತಲುಪಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಘಟ್ಟದ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಅಗತ್ಯ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತ ಉಂಟಾಗಿ ರೈಲು ಸಂಚಾರವು ಹಲವು ದಿನ ಸ್ಥಗಿತಗೊಂಡಿತ್ತು. ಮಂಗಳೂರಿನ ವಾರ್ಷಿಕ ಮಳೆಯು 3,500 ಮಿ.ಮೀ.ಗೂ ಅಧಿಕವಿದ್ದು, ಬಾಗಲಕೋಟೆ ಜಿಲ್ಲೆಯ ಮಳೆಯ ಐದಾರು ಪಟ್ಟು ಆಗುತ್ತದೆ. ಈ ಅವಧಿಯಲ್ಲಿ ಹೊರಾಂಗಣ ಕೆಲಸ ವಿರಳ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಮಹಿಳೆಯರು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಮಂಗಳೂರು ನಗರದಲ್ಲಿ ಓಡಾಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವಾದ್ದರಿಂದ ಅವುಗಳಲ್ಲಿ ಟಿಕೆಟ್ ಪಡೆಯತಕ್ಕದ್ದು.

ಮಂಡಳಿಯ ನೋಂದಣಿ

2007ರಲ್ಲಿ ರಚನೆಯಾದ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು 18ರಿಂದ 60 ವರ್ಷ ವಯೋಮಿತಿಯಿದ್ದು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರತಕ್ಕದ್ದು. ಗುರುತಿನ ಚೀಟಿಯು ರಾಜ್ಯಾದ್ಯಂತ ಊರ್ಜಿತವಾಗಿರುತ್ತದೆ. ಜಿಲ್ಲೆ ಬದಲಾದ ಮಾತ್ರಕ್ಕೆ ಹೊಸ ಚೀಟಿ ಬೇಕಿಲ್ಲ.

ಅರ್ಜಿಗಳು ಹೆಚ್ಚಾಗಿ ತಡೆಯಾಗುವುದು 90 ದಿನಗಳ ಉದ್ಯೋಗ ದೃಢೀಕರಣ ಪತ್ರದ ವಿಷಯದಲ್ಲಿ. ಕೆಲಸ ಮುಗಿದು ಮೇಸ್ತ್ರಿ ಬೇರೆಡೆಗೆ ಹೋದ ನಂತರ ಪತ್ರ ದೊರೆಯುವುದು ಕಷ್ಟಸಾಧ್ಯ. ಆದ್ದರಿಂದ ಕೊನೆಯ ಕೂಲಿ ಪಡೆಯುವ ದಿನವೇ ಪತ್ರವನ್ನೂ ಪಡೆದುಕೊಳ್ಳುವುದು ಸೂಕ್ತ. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಯನ್ನು ಬದಲಿಸಿದವರು ಹೊಸ ಸಂಖ್ಯೆಯನ್ನು ಊರಿನಲ್ಲಿಯೇ ಜೋಡಿಸಿಕೊಂಡು ಹೊರಡಬೇಕು.

ಪಡಿತರ ಮತ್ತು ಶಾಲೆ

ಪಡಿತರ ಚೀಟಿಯನ್ನು ವರ್ಗಾಯಿಸಬೇಕಾಗಿಲ್ಲ. ಚೀಟಿ ಸಂಖ್ಯೆ ಹಾಗೂ ಬೆರಳಚ್ಚು ನೀಡಿ ಮಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯಬಹುದು. ಕರಾವಳಿಯಲ್ಲಿ ಕುಚ್ಚಲಕ್ಕಿಯ ಬಳಕೆ ಹೆಚ್ಚು. ರೊಟ್ಟಿಯ ರೂಢಿಯವರು ಜೋಳದ ಹಿಟ್ಟನ್ನು ಕೊಂಡೊಯ್ಯುವುದುಂಟು. 6ರಿಂದ 14 ವರ್ಷದ ಮಕ್ಕಳಿಗೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ.

ಜ್ವರ

ನೀರು ನಿಲ್ಲುವ ನಿರ್ಮಾಣ ಸ್ಥಳಗಳಲ್ಲಿ ಸೊಳ್ಳೆಗಳು ಹೆಚ್ಚು. ಮಂಗಳೂರಿನಲ್ಲಿ ಮಲೇರಿಯಾ ಪ್ರಕರಣಗಳು ಕಟ್ಟಡ ಕಾರ್ಮಿಕರಲ್ಲಿ ಅಧಿಕವಾಗಿ ಕಂಡುಬಂದಿವೆ. ಜ್ವರ ಬಂದ ದಿನವೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಹಂಪನಕಟ್ಟೆಯಲ್ಲಿ 1848ರಲ್ಲಿ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿದೆ. ವೈವ್ಯಾಕ್ಸ್ ಮಲೇರಿಯಾಗೆ ನೀಡುವ ಮಾತ್ರೆಗಳನ್ನು 14 ದಿನ ಪೂರ್ಣವಾಗಿ ಸೇವಿಸಬೇಕು. ಜ್ವರ ಇಳಿಯಿತೆಂದು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದಲ್ಲಿ, ಯಕೃತ್ತಿನಲ್ಲಿ ಉಳಿದ ರೋಗಾಣುವಿನಿಂದ ವಾರಗಳ ಅಥವಾ ತಿಂಗಳುಗಳ ನಂತರ ಜ್ವರ ಮರುಕಳಿಸುವ ಸಂಭವವಿದ್ದು, ಸೊಳ್ಳೆಗಳ ಮೂಲಕ ಇತರರಿಗೂ ಹರಡಬಹುದು. ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ಮಾತ್ರೆ ಪಡೆಯುವ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಕೂಲಿ ಬಾಕಿ ಹಾಗೂ ನೋಂದಣಿ ಕುರಿತ ದೂರುಗಳಿಗೆ ಕಾರ್ಮಿಕ ಸಹಾಯವಾಣಿ 155214, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.