ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್: ಮಾಲೀಕರ ವಿರುದ್ಧ ಅಭಿಮಾನಿಗಳ ಹೋರಾಟ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಕ್ಲಬ್ಬಿನ ಮಾಲೀಕತ್ವದ ಪ್ರಶ್ನೆಯ ಮೇಲೆ 1998ರಿಂದ ನಡೆಸುತ್ತ ಬಂದಿರುವ ಚಳವಳಿ. ಮೊದಲ ಹಂತದಲ್ಲಿ ಅದು ರೂಪರ್ಟ್ ಮರ್ಡಾಕ್ ಹಿಡಿತದಲ್ಲಿದ್ದ ಬಿಸ್ಕೈಬಿ ಟೆಲಿವಿಷನ್ ಕಂಪನಿಯನ್ನು ಎದುರಿಸಿ ಗೆದ್ದಿತು. 2005ರ ನಂತರ ಅಮೆರಿಕದ ಗ್ಲೇಜರ್ ಕುಟುಂಬದ ವಿರುದ್ಧ ತಿರುಗಿ ಇನ್ನೂ ಮುಗಿಯದೆ ಉಳಿದಿದೆ. ಈ ಇತಿಹಾಸದಲ್ಲಿ ಪತ್ರಿಕೆ ಮತ್ತು ಟೆಲಿವಿಷನ್‌ಗಳು ದೂರ ನಿಂತು ನೋಡಿದವುಗಳಲ್ಲ. ಒಮ್ಮೆ ಅವು ಕ್ಲಬ್ಬನ್ನು ಕೊಳ್ಳಲು ಬಂದ ಪಕ್ಷವಾಗಿದ್ದವು, ಇನ್ನೊಮ್ಮೆ ಅಭಿಮಾನಿಗಳ ಸಿಟ್ಟಿಗೆ ದನಿ ಕೊಟ್ಟವು. ಆದರೆ ಹೋರಾಟದ ಮೂಲ ಕಾರಣವಾದ ಸಾಲದ ಲೆಕ್ಕವನ್ನು ಅವು ಬಹುಕಾಲ ಒಳಪುಟದ ವಾಣಿಜ್ಯ ಸುದ್ದಿಯಾಗಿಯೇ ಇಟ್ಟವು.

ಹಿನ್ನೆಲೆ

ಕ್ಲಬ್ 1878ರಲ್ಲಿ ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ, ರೈಲ್ವೆ ಕಾರ್ಮಿಕರ ತಂಡವಾಗಿ ಹುಟ್ಟಿತು. 1902ರಲ್ಲಿ ಈಗಿನ ಹೆಸರು ಬಂತು. 1991ರಲ್ಲಿ ಲಂಡನ್ ಷೇರುಪೇಟೆಯಲ್ಲಿ ನೋಂದಾಯಿತವಾದಾಗ ಸಾವಿರಾರು ಅಭಿಮಾನಿಗಳು ಒಂದಿಷ್ಟು ಷೇರು ಕೊಂಡರು. ಲಾಭಕ್ಕಿಂತ ಹೆಚ್ಚಾಗಿ, ಕ್ಲಬ್ಬಿನಲ್ಲಿ ತಮ್ಮದೂ ಒಂದು ಪಾಲಿದೆ ಎಂಬ ಸಂತೋಷ ಅವರದು. ಆದರೆ ಷೇರುಪೇಟೆಗೆ ಬಂದ ಕಂಪನಿಯನ್ನು ಹಣವಿದ್ದ ಯಾರು ಬೇಕಾದರೂ ಕೊಳ್ಳಬಹುದು. ಮುಂದಿನದಕ್ಕೆಲ್ಲ ದಾರಿಯಾದದ್ದು ಇದೇ.

ಮರುವರ್ಷವೇ ಪ್ರೀಮಿಯರ್ ಲೀಗ್ ಆರಂಭವಾಯಿತು. ನೇರಪ್ರಸಾರದ ಹಕ್ಕು ಬಿಸ್ಕೈಬಿ ಪಾಲಾಗಿ, ಫುಟ್‌ಬಾಲಿಗೆ ಹಿಂದೆಂದೂ ಕಾಣದಷ್ಟು ಹಣ ಹರಿಯಿತು. ಟಿಕೆಟ್ ಬೆಲೆ ಏರಿತು, ಪಂದ್ಯದ ವೇಳೆ ಟೆಲಿವಿಷನ್ನಿನ ಅನುಕೂಲಕ್ಕೆ ತಕ್ಕಂತೆ ಬದಲಾಗತೊಡಗಿತು. ಅಭಿಮಾನಿಗಳೇ ಬರೆದು, ಅಚ್ಚು ಹಾಕಿಸಿ, ಸ್ಟೇಡಿಯಂ ಹೊರಗೆ ನಿಂತು ಮಾರುತ್ತಿದ್ದ ‘ರೆಡ್ ನ್ಯೂಸ್’, ‘ಯುನೈಟೆಡ್ ವಿ ಸ್ಟ್ಯಾಂಡ್’, ‘ರೆಡ್ ಇಷ್ಯೂ’ ಮುಂತಾದ ಕಿರುಪತ್ರಿಕೆಗಳಲ್ಲಿ ಈ ಅಸಮಾಧಾನ ಮೊದಲು ಕಾಣಿಸಿಕೊಂಡಿತು. ಕ್ಲಬ್ಬಿನ ಆಡಳಿತವನ್ನು ಹೆಸರು ಹಿಡಿದು ಪ್ರಶ್ನಿಸುವ ಧೈರ್ಯ ಆಗ ದೊಡ್ಡ ಪತ್ರಿಕೆಗಳಿಗಿಂತ ಇವುಗಳಿಗೇ ಹೆಚ್ಚಿತ್ತು. 1995ರಲ್ಲಿ ಸ್ವತಂತ್ರ ಅಭಿಮಾನಿಗಳ ಸಂಘವೂ ಹುಟ್ಟಿಕೊಂಡಿತು.

ಮರ್ಡಾಕ್ ಯತ್ನ, 1998–99

1998ರ ಸೆಪ್ಟೆಂಬರಿನಲ್ಲಿ ಬಿಸ್ಕೈಬಿ 62.3 ಕೋಟಿ ಪೌಂಡಿಗೆ ಕ್ಲಬ್ಬನ್ನು ಕೊಳ್ಳಲು ಮುಂದಾಯಿತು. ಆಡಳಿತ ಮಂಡಳಿ ಒಪ್ಪಿತು. ಅಭಿಮಾನಿಗಳ ಸಂಘವೂ ಪತ್ರಕರ್ತ ಮೈಕೆಲ್ ಕ್ರಿಕ್ ಮುಂದಾಳತ್ವದಲ್ಲಿ ಹೊಸದಾಗಿ ಕಟ್ಟಿದ ಸಣ್ಣ ಷೇರುದಾರರ ಸಂಘವೂ ಬೀದಿಗಿಳಿಯುವುದರ ಜೊತೆಗೆ ಕಾನೂನಿನ ದಾರಿಯನ್ನೂ ಹಿಡಿದವು. ಪ್ರಸಾರದ ಹಕ್ಕು ಕೊಳ್ಳುವವನೇ ಅದನ್ನು ಮಾರುವ ಕ್ಲಬ್ಬಿನ ಒಡೆಯನೂ ಆದರೆ ಪೈಪೋಟಿಗೆ ಜಾಗವೆಲ್ಲಿ ಎಂಬುದು ಅವುಗಳ ವಾದದ ತಿರುಳು.

ಪತ್ರಿಕೆಗಳ ನಿಲುವು ಮಾಲೀಕತ್ವದ ಗೆರೆಯ ಮೇಲೆಯೇ ಇಬ್ಭಾಗವಾಯಿತು. ಮರ್ಡಾಕ್ ಒಡೆತನದ ‘ಸನ್’ ಖರೀದಿಯನ್ನು ಸ್ವಾಗತಿಸಿತು. ಅದರ ಎದುರಾಳಿ ‘ಮಿರರ್’ ಅಷ್ಟೇ ಬಿರುಸಾಗಿ ವಿರೋಧಿಸಿತು. ಆಗಿನ ಓದುಗ ಎರಡೂ ಪತ್ರಿಕೆಗಳನ್ನು ಕೊಂಡು ಪಕ್ಕಪಕ್ಕ ಇಟ್ಟಿದ್ದರೆ ಎರಡು ಬೇರೆ ಊರುಗಳ ಸುದ್ದಿ ಓದಿದಂತಾಗುತ್ತಿತ್ತು. 1999ರ ಏಪ್ರಿಲ್‌ನಲ್ಲಿ, ಏಕಸ್ವಾಮ್ಯ ಆಯೋಗದ ವರದಿಯನ್ನು ಆಧರಿಸಿ, ವಾಣಿಜ್ಯ ಮಂತ್ರಿ ಸ್ಟೀಫನ್ ಬೈಯರ್ಸ್ ಖರೀದಿಯನ್ನು ತಡೆದರು. ಜಗತ್ತಿನ ಅತಿ ದೊಡ್ಡ ಮಾಧ್ಯಮ ಸಂಸ್ಥೆಗಳಲ್ಲೊಂದನ್ನು ಫುಟ್‌ಬಾಲ್ ನೋಡುವ ಜನ ಸೋಲಿಸಿದ್ದರು. ಆ ಗೆಲುವಿಗೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ. ಕೆಲವೇ ವಾರಗಳಲ್ಲಿ ತಂಡ ಒಂದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿ ಗೆದ್ದುಕೊಂಡಿತು, ಪತ್ರಿಕೆಗಳಲ್ಲಿ ಅದೇ ತುಂಬಿತು.

ಗ್ಲೇಜರ್ ಖರೀದಿ, 2003–05

ಮಾಲ್ಕಮ್ ಗ್ಲೇಜರ್ ಫ್ಲಾರಿಡಾದ ಟ್ಯಾಂಪಾ ಬೇ ಬಕನೀರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಒಡೆಯರಾಗಿದ್ದರು. 2003ರಿಂದ ಅವರು ಯುನೈಟೆಡ್‌ನ ಷೇರುಗಳನ್ನು ಸದ್ದಿಲ್ಲದೆ ಕೂಡಿಸತೊಡಗಿದರು. ಆ ಹೊತ್ತಿಗೆ ಕ್ಲಬ್ಬಿನ ದೊಡ್ಡ ಪಾಲು ಐರ್ಲೆಂಡಿನ ಕುದುರೆ ವ್ಯವಹಾರಸ್ಥರಾದ ಜಾನ್ ಮ್ಯಾಗ್ನಿಯರ್ ಮತ್ತು ಜೆ. ಪಿ. ಮೆಕ್‌ಮ್ಯಾನಸ್ ಕೈಯಲ್ಲಿತ್ತು. ರಾಕ್ ಆಫ್ ಜಿಬ್ರಾಲ್ಟರ್ ಎಂಬ ರೇಸ್ ಕುದುರೆಯ ಒಡೆತನದ ವಿಷಯದಲ್ಲಿ ವ್ಯವಸ್ಥಾಪಕ ಅಲೆಕ್ಸ್ ಫರ್ಗ್ಯೂಸನ್ ಅವರಿಗೂ ಮ್ಯಾಗ್ನಿಯರ್‌ಗೂ ಜಗಳ ಹುಟ್ಟಿ, 2004ರಲ್ಲಿ ರಾಜಿಯಾಯಿತು. ಆದರೆ ಆ ಇಬ್ಬರಿಗೆ ಕ್ಲಬ್ಬಿನ ಮೇಲಿದ್ದ ಆಸಕ್ತಿ ಮತ್ತೆ ಚಿಗುರಲಿಲ್ಲ. 2005ರ ಮೇ 12ರಂದು ತಮ್ಮ ಶೇಕಡಾ 28.7 ಪಾಲನ್ನು ಅವರು ಗ್ಲೇಜರ್‌ಗೆ ಮಾರಿಬಿಟ್ಟರು. ಒಟ್ಟು ಖರೀದಿಯ ಮೌಲ್ಯ 79 ಕೋಟಿ ಪೌಂಡ್.

ಇಲ್ಲಿಂದ ಮುಂದಿನ ಎಲ್ಲ ಪ್ರತಿಭಟನೆಗಳ ಬೇರು ಈ ಖರೀದಿಯ ವಿಧಾನದಲ್ಲಿದೆ. ಗ್ಲೇಜರ್ ತೆತ್ತ ಹಣದ ಬಹುಭಾಗ ಸಾಲ. ಒಂದು ಭಾಗಕ್ಕೆ ಕ್ಲಬ್ಬಿನ ಆಸ್ತಿಯೇ ಅಡವು. ಇನ್ನೊಂದು ಭಾಗವನ್ನು ಹೆಡ್ಜ್ ಫಂಡ್‌ಗಳು ಕೊಟ್ಟಿದ್ದವು. ಅದರ ಬಡ್ಡಿ ದುಬಾರಿ, ಕಟ್ಟದಿದ್ದರೆ ಅಸಲಿಗೆ ಸೇರುತ್ತ ಹೋಗುವಂಥದ್ದು. ಮನೆ ಕೊಂಡವನು ಗೃಹಸಾಲದ ಕಂತನ್ನು ಬಾಡಿಗೆದಾರರ ತಲೆಗೆ ಕಟ್ಟಿದಂತೆ. ಏಳು ದಶಕಗಳಿಂದ ಹೆಚ್ಚೂಕಡಿಮೆ ಸಾಲವೇ ಇಲ್ಲದಿದ್ದ ಕ್ಲಬ್, ತನ್ನನ್ನು ಕೊಳ್ಳಲು ಬೇರೊಬ್ಬರು ಮಾಡಿದ ಸಾಲಕ್ಕೆ ಬಡ್ಡಿ ಕಟ್ಟತೊಡಗಿತು. ಆ ಹಣ ಬಂದದ್ದು ಟಿಕೆಟ್, ಜೆರ್ಸಿ ಮತ್ತು ಪ್ರಸಾರದ ಆದಾಯದಿಂದ.

ವಾರ ಕಳೆದು ಕಾರ್ಡಿಫ್‌ನಲ್ಲಿ ನಡೆದ ಎಫ್‌ಎ ಕಪ್ ಫೈನಲ್‌ಗೆ ಅನೇಕ ಅಭಿಮಾನಿಗಳು ತಂಡದ ಕೆಂಪು ಬಿಟ್ಟು ಕಪ್ಪು ಬಟ್ಟೆ ತೊಟ್ಟು ಬಂದರು. ಜೂನ್ 29ರಂದು ಗ್ಲೇಜರ್‌ರ ಮಕ್ಕಳಾದ ಜೋಯೆಲ್, ಏವ್ರಮ್ ಮತ್ತು ಬ್ರಯನ್ ಮೊದಲ ಬಾರಿಗೆ ಓಲ್ಡ್ ಟ್ರ್ಯಾಫರ್ಡ್ ಸ್ಟೇಡಿಯಂಗೆ ಬಂದಾಗ ನೂರಾರು ಜನ ಹೊರದಾರಿಗಳನ್ನು ಅಡ್ಡಗಟ್ಟಿದರು. ಕತ್ತಲಾದ ಮೇಲೆ ಹೊಸ ಮಾಲೀಕರನ್ನು ಪೊಲೀಸ್ ವ್ಯಾನಿನಲ್ಲಿ ಕೂರಿಸಿ ಹೊರಗೆ ಸಾಗಿಸಬೇಕಾಯಿತು. ಮರುದಿನದ ಸುದ್ದಿಯಲ್ಲಿ ಆ ವ್ಯಾನು, ಪೊಲೀಸರು, ತಳ್ಳಾಟ ಎಲ್ಲ ಇದ್ದವು. ಜನ ಏಕೆ ಅಲ್ಲಿ ನಿಂತಿದ್ದರು ಎಂಬುದಕ್ಕೆ ಸಿಕ್ಕಿದ್ದು ಒಂದೆರಡು ಸಾಲು.

ಹೊಸ ಕ್ಲಬ್

ಒಂದು ಗುಂಪು ಓಲ್ಡ್ ಟ್ರ್ಯಾಫರ್ಡ್ ತೊರೆದು ಅದೇ ಬೇಸಿಗೆಯಲ್ಲಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಕ್ಲಬ್ಬನ್ನು ಕಟ್ಟಿತು. ಎಷ್ಟೇ ಹಣ ಹಾಕಿದರೂ ಸದಸ್ಯನಿಗೆ ಒಂದೇ ಮತ. ಇಂಗ್ಲಿಷ್ ಫುಟ್‌ಬಾಲಿನ ಹತ್ತನೇ ಹಂತದಲ್ಲಿ, ಬರಿ ಎಂಬ ಪಟ್ಟಣದ ಬಾಡಿಗೆ ಮೈದಾನದಲ್ಲಿ ಆರಂಭಿಸಿದ ಈ ತಂಡದ ಪಂದ್ಯಗಳಿಗೆ ಮೊದಲ ವರ್ಷ ಸರಾಸರಿ ಸುಮಾರು 3,000 ಜನ ಬಂದರು. ಆ ಹಂತದ ಲೀಗ್‌ಗೆ ಅದು ಕೇಳರಿಯದ ಸಂಖ್ಯೆ. 2015ರಲ್ಲಿ ಮಾಸ್ಟನ್ ಬಡಾವಣೆಯಲ್ಲಿ ಬ್ರಾಡ್‌ಹರ್ಸ್ಟ್ ಪಾರ್ಕ್ ಎಂಬ ಸ್ವಂತ ಮೈದಾನವನ್ನೂ ಮಾಡಿಕೊಂಡರು. ತಲೆಮಾರುಗಳಿಂದ ಬಂದ ಸೀಸನ್ ಟಿಕೆಟ್ ಬಿಟ್ಟುಕೊಟ್ಟವರೂ ಬಿಡಲಾಗದೆ ಉಳಿದವರೂ ಒಂದೇ ಮನೆಯಲ್ಲಿದ್ದರು. ಈ ಒಡಕಿನ ನೋವು ದೊಡ್ಡದು. ಉಳಿದವರನ್ನು ಹೇಡಿಗಳೆಂದೂ ಹೋದವರನ್ನು ದ್ರೋಹಿಗಳೆಂದೂ ಕರೆದದ್ದು ಎರಡೂ ಅನ್ಯಾಯ.

ಹಸಿರು-ಹಳದಿ ಶಾಲು, 2010

2010ರ ಜನವರಿಯಲ್ಲಿ ಹಳೆಯ ಸಾಲ ತೀರಿಸಲು ಸುಮಾರು 50 ಕೋಟಿ ಪೌಂಡಿನ ಬಾಂಡ್ ಹೊರಡಿಸಿದಾಗ, ಹೂಡಿಕೆದಾರರಿಗಾಗಿ ಪ್ರಕಟಿಸಿದ ದಾಖಲೆಯಲ್ಲಿ ಕ್ಲಬ್ಬಿನ ಹಣಕಾಸೆಲ್ಲ ಬಯಲಾಯಿತು. ಒಟ್ಟು ಸಾಲ 71 ಕೋಟಿ ಪೌಂಡ್ ದಾಟಿತ್ತು. ಅಭಿಮಾನಿಗಳು ಆ ದಾಖಲೆಯನ್ನು ಸಾಲುಸಾಲಾಗಿ ಓದಿದರು, ಬಡ್ಡಿ ಲೆಕ್ಕ ಹಾಕಿದರು, ಅದನ್ನು ಜನಕ್ಕೆ ತಿಳಿಯುವ ಮಾತಿನಲ್ಲಿ ಹಂಚಿದರು. ಕ್ರೀಡಾ ಪತ್ರಕರ್ತರಲ್ಲಿ ‘ಗಾರ್ಡಿಯನ್’ನ ಡೇವಿಡ್ ಕಾನ್ ಅವರಂಥ ಕೆಲವರನ್ನು ಬಿಟ್ಟರೆ ಕ್ಲಬ್ಬುಗಳ ಲೆಕ್ಕಪತ್ರದ ಬೆನ್ನು ಹತ್ತಿದವರು ವಿರಳ.

ಪ್ರತಿಭಟನೆಗೆ ಆರಿಸಿದ ಗುರುತು ನ್ಯೂಟನ್ ಹೀತ್ ಕಾಲದ ಹಸಿರು-ಹಳದಿ ಬಣ್ಣ. ಉಪಾಯ ಜಾಣತನದ್ದು. ಸ್ಟೇಡಿಯಂನಲ್ಲಿ ಗ್ಲೇಜರ್ ವಿರೋಧಿ ಬ್ಯಾನರುಗಳನ್ನು ಕಾವಲು ಸಿಬ್ಬಂದಿ ಕಿತ್ತುಕೊಳ್ಳುತ್ತಿದ್ದರು, ಆದರೆ ಕ್ಲಬ್ಬಿನದೇ ಹಳೆಯ ಬಣ್ಣದ ಶಾಲನ್ನು ಕಿತ್ತುಕೊಳ್ಳುವುದು ಹೇಗೆ? ಕೆಲವೇ ವಾರಗಳಲ್ಲಿ ಗ್ಯಾಲರಿಯ ಕೆಂಪಿನ ನಡುವೆ ಹಸಿರು-ಹಳದಿಯ ದೊಡ್ಡ ದೊಡ್ಡ ಪಟ್ಟಿಗಳು ಎದ್ದು ಕಂಡವು. ಟೆಲಿವಿಷನ್ ಕ್ಯಾಮೆರಾ ಎತ್ತ ತಿರುಗಿದರೂ ಅವು ಕಣ್ಣಿಗೆ ಬೀಳುತ್ತಿದ್ದವು.

ಮಾರ್ಚ್ 10ರಂದು ಎಸಿ ಮಿಲಾನ್ ಪರವಾಗಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಆಡಿದ ಡೇವಿಡ್ ಬೆಕಮ್, 4–0ರಿಂದ ಸೋತು ಹೊರನಡೆಯುವಾಗ ಗ್ಯಾಲರಿಯಿಂದ ಬಂದ ಅಂಥದೊಂದು ಶಾಲನ್ನು ಎತ್ತಿ ಕೊರಳಿಗೆ ಹಾಕಿಕೊಂಡರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕ್ಲಬ್ಬಿನ ಮಾಲೀಕತ್ವ ತನಗೆ ಸಂಬಂಧಪಟ್ಟದ್ದಲ್ಲ, ತಾನು ಬರೀ ಅಭಿಮಾನಿ ಎಂದು ಬೆಕಮ್ ಸ್ಪಷ್ಟಪಡಿಸಿದರು. ಆದರೂ ಐದು ವರ್ಷದ ಕರಪತ್ರಗಳಿಂದ ಆಗದ ಪ್ರಚಾರ ಅರ್ಧ ನಿಮಿಷದಲ್ಲಿ ಆಗಿಹೋಗಿತ್ತು. ಜೂನ್‌ನಲ್ಲಿ ಬಿಬಿಸಿಯ ‘ಪನೋರಮಾ’ ಗ್ಲೇಜರ್ ಕುಟುಂಬದ ಸಾಲಗಳನ್ನು ಅಮೆರಿಕದ ಅವರ ಶಾಪಿಂಗ್ ಮಾಲ್‌ಗಳವರೆಗೂ ಹುಡುಕಿ ತೋರಿಸಿತು. ಅರ್ಥಶಾಸ್ತ್ರಜ್ಞ ಜಿಮ್ ಓನೀಲ್ ಸೇರಿದ್ದ ‘ರೆಡ್ ನೈಟ್ಸ್’ ಎಂಬ ಸಿರಿವಂತ ಅಭಿಮಾನಿಗಳ ಬಳಗ ಕ್ಲಬ್ ಕೊಳ್ಳುವ ಮಾತಾಡಿ, ಅದೇ ತಿಂಗಳು ಹಿಂದೆ ಸರಿಯಿತು. ತಂಡ ಗೆಲ್ಲುತ್ತಲೇ ಇತ್ತು, ಫರ್ಗ್ಯೂಸನ್ ಮಾಲೀಕರ ಪರ ಮಾತಾಡುತ್ತಿದ್ದರು. ಚಳವಳಿ ತಣ್ಣಗಾಯಿತು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಷೇರು ಬಿಟ್ಟಾಗಲೂ, ಕುಟುಂಬದ ಷೇರಿಗೆ ಹತ್ತು ಪಟ್ಟು ಮತಾಧಿಕಾರ ಇಟ್ಟುಕೊಂಡಿದ್ದರಿಂದ ಹಿಡಿತ ಸಡಿಲಲಿಲ್ಲ.

ಬೇರೆ ಕ್ಲಬ್ಬುಗಳಲ್ಲಿ

ಇದೇ ಕಾಲದ ಎರಡು ಪ್ರಕರಣಗಳನ್ನು ಇಲ್ಲಿ ನೆನೆಯಬೇಕು. 2013ರಲ್ಲಿ ಮೈಕ್ ಆಶ್ಲಿ ಒಡೆತನದ ನ್ಯೂಕ್ಯಾಸಲ್ ಯುನೈಟೆಡ್, ಅಭಿಮಾನಿಗಳ ಮೆರವಣಿಗೆಯನ್ನು ವಿವರವಾಗಿ ವರದಿ ಮಾಡಿದ್ದಕ್ಕೆ ‘ಕ್ರಾನಿಕಲ್’ ಸೇರಿ ಊರಿನ ಮೂರು ಪತ್ರಿಕೆಗಳ ವರದಿಗಾರರನ್ನು ಪಂದ್ಯಗಳಿಂದ ಹೊರಗಿಟ್ಟಿತು. ಬ್ಲ್ಯಾಕ್‌ಪೂಲ್‌ನಲ್ಲಿ ಆಯ್ಸ್ಟನ್ ಕುಟುಂಬ ತನ್ನದೇ ಅಭಿಮಾನಿಗಳ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ಜನ ವರ್ಷಗಟ್ಟಲೆ ಸ್ಟೇಡಿಯಂ ಬಹಿಷ್ಕರಿಸಿ, 2019ರಲ್ಲಿ ಆ ಕುಟುಂಬದ ಕೈಯಿಂದ ಕ್ಲಬ್ ತಪ್ಪಿದ ಮೇಲೆಯೇ ಮರಳಿದರು. ಮಾಲೀಕರು ಪತ್ರಿಕೆಗೂ ಪ್ರತಿಭಟನೆಗೂ ಒಂದೇ ಮದ್ದು ಹುಡುಕಿದ್ದರು.

ಸೂಪರ್ ಲೀಗ್ ಮತ್ತು 2021ರ ಮೇ 2

2021ರ ಏಪ್ರಿಲ್ 18ರಂದು ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮಗೆ ಕಾಯಂ ಸ್ಥಾನವಿರುವ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದವು. ಜೋಯೆಲ್ ಗ್ಲೇಜರ್ ಅದರ ಉಪಾಧ್ಯಕ್ಷರಲ್ಲೊಬ್ಬರು. ಅದೇ ಸಂಜೆ ಸ್ಕೈ ಸ್ಪೋರ್ಟ್ಸ್ ವೀಕ್ಷಕ ವಿವರಣೆಗೆ ಕೂತಿದ್ದ ಯುನೈಟೆಡ್‌ನ ಮಾಜಿ ನಾಯಕ ಗ್ಯಾರಿ ನೆವಿಲ್ ನೇರಪ್ರಸಾರದಲ್ಲೇ ಮಾಲೀಕರ ದುರಾಸೆಯನ್ನು ಕಟುಮಾತಿನಲ್ಲಿ ಖಂಡಿಸಿದರು. ಎರಡೇ ದಿನದಲ್ಲಿ ಅದರಲ್ಲಿದ್ದ ಆರೂ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. ಜೋಯೆಲ್ ಬಹಿರಂಗ ಪತ್ರ ಬರೆದು ಕ್ಷಮೆ ಕೋರಿದರು. ಹದಿನಾರು ವರ್ಷ ಅಭಿಮಾನಿಗಳ ಜೊತೆ ಮಾತೇ ಆಡದ ಕುಟುಂಬದ ಆ ಪತ್ರವನ್ನು ಯಾರೂ ನಂಬಲಿಲ್ಲ.

ಮೇ 2ರ ಭಾನುವಾರ ಲಿವರ್‌ಪೂಲ್ ವಿರುದ್ಧದ ಪಂದ್ಯ. ಕೊರೊನಾದಿಂದಾಗಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮಧ್ಯಾಹ್ನವೇ ಸ್ಟೇಡಿಯಂ ಮುಂದೆ ಸಾವಿರಾರು ಜನ ಸೇರಿದರು. ಬಹುಪಾಲು ಜನ ಹಾಡುತ್ತ, ಹಸಿರು-ಹಳದಿ ಹೊಗೆ ಹಚ್ಚುತ್ತ ಹೊರಗೇ ನಿಂತರು. ಸುಮಾರು ಇನ್ನೂರು ಜನ ಒಳನುಗ್ಗಿ ಮೈದಾನಕ್ಕೆ ಇಳಿದರು. ಕೆಲವರು ಮೂಲೆಯ ಬಾವುಟ ಕಿತ್ತು ಓಡಾಡಿದರು, ಒಬ್ಬಾತ ಗೋಲ್ ಕಂಬಕ್ಕೆ ಜೋತಾಡಿದ. ಯುನೈಟೆಡ್ ಆಟಗಾರರು ತಂಗಿದ್ದ ಲೌರಿ ಹೋಟೆಲಿನ ಮುಂದೆಯೂ ಜನ ಅಡ್ಡ ನಿಂತಿದ್ದರಿಂದ ಬಸ್ಸು ಹೊರಡಲೇ ಇಲ್ಲ. ಪಂದ್ಯ ಮುಂದಕ್ಕೆ ಹೋಯಿತು. ಅಭಿಮಾನಿಗಳ ಪ್ರತಿಭಟನೆಯಿಂದ ಪ್ರೀಮಿಯರ್ ಲೀಗ್ ಪಂದ್ಯ ನಿಂತದ್ದು ಅದೇ ಮೊದಲು. ಬಾಟಲಿ ಎಸೆತದಲ್ಲಿ ಪೊಲೀಸರಿಗೆ ಗಾಯವಾಯಿತು, ಒಬ್ಬ ಅಧಿಕಾರಿಯ ಮುಖ ಸೀಳಿತು. ಇದನ್ನು ಯಾರೂ ಸಮರ್ಥಿಸಲಾರರು.

ಆ ದಿನದ ಪ್ರಸಾರ ಮಾಧ್ಯಮ ಇತಿಹಾಸದಲ್ಲೇ ಒಂದು ವಿಶೇಷ. ಆಡಬೇಕಿದ್ದ ಆಟವಿಲ್ಲ, ಸ್ಕೈ ಗಂಟೆಗಟ್ಟಲೆ ಪ್ರತಿಭಟನೆಯನ್ನೇ ತೋರಿಸಿತು. ನೆವಿಲ್ ಮತ್ತು ರಾಯ್ ಕೀನ್ ಅಭಿಮಾನಿಗಳ ಸಿಟ್ಟಿಗೆ ಕಾರಣವಿದೆ ಎಂದರು. ಲಿವರ್‌ಪೂಲ್‌ನ ಹಳೆಯ ಆಟಗಾರ ಗ್ರೇಮ್ ಸೂನೆಸ್, ತಂಡ ಗೆಲ್ಲುತ್ತಿದ್ದರೆ ಇಷ್ಟು ಸಿಟ್ಟು ಬರುತ್ತಿತ್ತೇ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ಸತ್ಯದ ಒಂದಂಶವಿದೆ. ಆದರೆ 2005ರಲ್ಲೂ 2010ರಲ್ಲೂ ತಂಡ ದೊಡ್ಡ ತಂಡವೇ ಆಗಿತ್ತು, ಆಗಲೂ ಜನ ಬೀದಿಗಿಳಿದಿದ್ದರು. ನೆವಿಲ್ ಮಾತೇ ಜನರನ್ನು ಕೆರಳಿಸಿತು ಎಂಬ ಟೀಕೆಯೂ ಬಂತು. ಪ್ರಧಾನಿ ಬೋರಿಸ್ ಜಾನ್ಸನ್ ಜನರ ಭಾವನೆ ಅರ್ಥವಾಗುತ್ತದೆ, ಆದರೆ ಈ ಬಗೆಯ ಅಡ್ಡಿ ಸರಿಯಲ್ಲ ಎಂದರು. ಬಿಸ್ಕೈಬಿ ಎಂಬ ಹೆಸರಿನಲ್ಲಿದ್ದಾಗ, 1999ರಲ್ಲಿ, ಅಭಿಮಾನಿಗಳು ಹಿಮ್ಮೆಟ್ಟಿಸಿದ್ದ ಸ್ಕೈ, ಅಷ್ಟರಲ್ಲಿ ಮರ್ಡಾಕ್ ಕೈಬಿಟ್ಟು ಕಾಮ್‌ಕಾಸ್ಟ್ ಪಾಲಾಗಿತ್ತು. ಅದೇ ಸ್ಕೈ ಈಗ ಅವರ ದೂರಿಗೆ ವೇದಿಕೆಯಾಯಿತು. ಸೂಪರ್ ಲೀಗ್ ಬಂದಿದ್ದರೆ ಸ್ಕೈ ಕೊಂಡಿದ್ದ ಪ್ರಸಾರ ಹಕ್ಕಿನ ಬೆಲೆಯೂ ಕುಸಿಯುತ್ತಿತ್ತು ಎಂಬುದನ್ನು ಓದುಗರು ಮರೆಯಬಾರದು.

ಪರಿಣಾಮ ಹಣದ ರೂಪದಲ್ಲಿಯೂ ಕಂಡಿತು. ಪ್ರಾಯೋಜಕರ ಸರಕನ್ನು ಬಹಿಷ್ಕರಿಸುವ ಕರೆಯ ನಂತರ ದಿ ಹಟ್ ಗ್ರೂಪ್ ಕಂಪನಿ ಅಂದಾಜು 20 ಕೋಟಿ ಪೌಂಡಿನ ಒಪ್ಪಂದದಿಂದ ಹಿಂದೆ ಸರಿಯಿತು. ಜೂನ್‌ನಲ್ಲಿ ಜೋಯೆಲ್ ಗ್ಲೇಜರ್ ಮೊದಲ ಬಾರಿ ಅಭಿಮಾನಿಗಳ ಪ್ರತಿನಿಧಿಗಳ ಸಭೆಯಲ್ಲಿ ಮಾತಾಡಿ, ಸಲಹಾ ಮಂಡಳಿ ರಚಿಸುವ ಮತ್ತು ಅಭಿಮಾನಿಗಳಿಗೆ ಷೇರು ನೀಡುವ ಭರವಸೆ ಕೊಟ್ಟರು. ಸಲಹಾ ಮಂಡಳಿ ರಚನೆಯಾಯಿತು.

ನಂತರದ ಬೆಳವಣಿಗೆ

ತಂಡದ ಆಟಗಾರರು ಮಡಿದ ಮ್ಯೂನಿಕ್ ವಿಮಾನ ದುರಂತದ ವರ್ಷವನ್ನೇ ಹೆಸರಾಗಿಟ್ಟುಕೊಂಡ ‘ದಿ 1958’ ಬಳಗ 2022ರ ಆಗಸ್ಟ್‌ನಲ್ಲಿ ಸಾವಿರಾರು ಜನರ ಮೆರವಣಿಗೆ ನಡೆಸಿತು. ಅದೇ ವರ್ಷದ ನವೆಂಬರಿನಲ್ಲಿ ಮಾರಾಟದ ಸಾಧ್ಯತೆಯೂ ಇದೆಯೆಂದು ಕುಟುಂಬ ಪ್ರಕಟಿಸಿತು. ಕತಾರಿನ ಶೇಖ್ ಜಾಸಿಮ್ ಮತ್ತು ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಮುಂದೆ ಬಂದರು. ತಿಂಗಳುಗಟ್ಟಲೆ ಸುದ್ದಿಮನೆಗಳು ಇಬ್ಬರ ಹೋಲಿಕೆಯಲ್ಲೇ ಮುಳುಗಿದವು. ಕೊನೆಗೆ 2024ರ ಫೆಬ್ರವರಿಯಲ್ಲಿ ರ‍್ಯಾಟ್‌ಕ್ಲಿಫ್ ಕಾಲುಭಾಗಕ್ಕಿಂತ ತುಸು ಹೆಚ್ಚು ಪಾಲು ಪಡೆದು ಫುಟ್‌ಬಾಲ್ ವಿಭಾಗದ ಹೊಣೆ ಹೊತ್ತರು. ಆ ಬಳಿಕ ಸುಮಾರು 250 ನೌಕರರ ಕೆಲಸ ಹೋಯಿತು. ಋತುವಿನ ನಡುವೆ ಸದಸ್ಯರ ಟಿಕೆಟ್ ಬೆಲೆ, ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲದೆ, 66 ಪೌಂಡ್ ಆಯಿತು. 2025ರ ಮಾರ್ಚ್ 9ರಂದು ಆರ್ಸೆನಲ್ ಪಂದ್ಯಕ್ಕೆ ಮುನ್ನ ಅಭಿಮಾನಿಗಳು ಕಪ್ಪು ಬಟ್ಟೆಯಲ್ಲಿ ಮತ್ತೆ ಮೆರವಣಿಗೆ ಹೊರಟರು.

ಸೂಪರ್ ಲೀಗ್ ಗಲಭೆಯ ಬೆನ್ನಿಗೆ ಆಗಿನ ಸಂಸತ್ ಸದಸ್ಯೆ ಟ್ರೇಸಿ ಕ್ರೌಚ್ ನಡೆಸಿದ ವಿಚಾರಣೆ ಸ್ವತಂತ್ರ ನಿಯಂತ್ರಕ ಬೇಕೆಂದು ಶಿಫಾರಸು ಮಾಡಿತ್ತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ಅಂಗೀಕಾರ ಸಿಕ್ಕಿ, ಅಂಥ ನಿಯಂತ್ರಕನಿಗೆ ದಾರಿಯಾಯಿತು. ಮಾಲೀಕರ ಅರ್ಹತೆಯನ್ನೂ ಹಣದ ಮೂಲವನ್ನೂ ಪರೀಕ್ಷಿಸುವ, ಮುಖ್ಯ ವಿಷಯಗಳಲ್ಲಿ ಅಭಿಮಾನಿಗಳ ಅಭಿಪ್ರಾಯ ಕೇಳುವಂತೆ ಕ್ಲಬ್ಬುಗಳನ್ನು ಕಟ್ಟಿಹಾಕುವ ಅಧಿಕಾರ ಆ ನಿಯಂತ್ರಕನಿಗಿದೆ. 2005ರ ಖರೀದಿಯಿಂದ ಕ್ಲಬ್ಬಿನ ಮೇಲೆ ಬಿದ್ದ ಸಾಲವನ್ನು ಈ ಕಾಯ್ದೆ ಇಳಿಸುವುದಿಲ್ಲ, ಮತಾಧಿಕಾರದ ಬಹುಪಾಲು ಗ್ಲೇಜರ್ ಕುಟುಂಬದ ಬಳಿಯೇ ಇದೆ.